ಹೊದಿಕೆಯ ಮಣಿ

ಕಂಪ್ಯೂಟರು ಹೊತ್ತಿತು, ಪರದೆಯ ನಡುವೆ ಬಿಳಿ ಚುಕ್ಕಿಗಳು ಸುತ್ತತೊಡಗಿದವು, ರೆಕಾರ್ಡಿನ ಪದ್ಯಕ್ಕೆ ದನಿಗೂಡಿಸಲು ಅಮ್ಮನ ತುಟಿ ಅರ್ಧ ತೆರೆಯಿತು, ಟಕ್, ಕತ್ತಲು, ತುಟಿ ಮುಚ್ಚಿತು — ಮತ್ತೆ ಹೋಯ್ತೇನೋ, ಹೋಯ್ತಮ್ಮ, ಊರವರ ಕಂಪ್ಯೂಟರೆಲ್ಲ ರಿಪೇರಿ ಮಾಡ್ತೀಯ, ಮನೇದಕ್ಕೆ ಏನು ದಾಡಿಯೋ, ಏನು ದಾಡಿಯೋ ನಿಜವಾಗಿಯೂ ಇವನಿಗೆ ತಿಳಿಯದು, ರ‍್ಯಾಮ್ ಕಿತ್ತು ಒರೆಸಿ ಕೂರಿಸಿದ್ದಾಯಿತು, ಪವರ್ ಸಪ್ಲೈ ಬದಲಿಸಿದ್ದಾಯಿತು, ಅಂಗಡಿಗೆ ಹೊತ್ತೊಯ್ದರೆ ಸಾಧು ಹಸುವಿನಂತೆ ದಿನವಿಡೀ ಓಡುತ್ತದೆ, ಮನೆಗೆ ತಂದು ಅಮ್ಮ ಸಿಪಿಯು ಪೆಟ್ಟಿಗೆಗೆ ಹೊದಿಕೆ ಹಾಕಿದಳೋ, ಮತ್ತೆ ಅದೇ ರಾಗ, ಆ ಹೊದಿಕೆ, ತಮ್ಮನ ಹೆಂಡತಿ ಹೊಲಿದು ಕಳಿಸಿದ್ದು, ಅಂಚಿನುದ್ದಕ್ಕೂ ಗಾಜಿನ ಮಣಿ, ಓಡುವಾಗಲೂ ತೆಗೆಯುವಂತಿಲ್ಲ, ಇರ್ಲಿ ಬಿಡೋ, ಎಷ್ಟು ಆಸೆಯಿಂದ ಕಳಿಸಿದಾಳೆ, ಧೂಳು ಕೂರಲ್ಲ, ಧೂಳಂತೆ, ಇಷ್ಟು ವರ್ಷ ಇವನು ಒರೆಸಿದ ಧೂಳಿಗೆ ಲೆಕ್ಕವೇ ಇಲ್ಲ, ತಮ್ಮ ಎಲ್ಲೋ ಕೂತು ಪದ್ಯ ಓದಿ ರೆಕಾರ್ಡ್ ಮಾಡಿ ಕಳಿಸಿದ, ಅಮ್ಮನಿಗೆ ಬೆಳಗಾಗುವುದೇ ಆ ದನಿಯಿಂದ, ಆ ಪದ್ಯ ಹೇಳಿಕೊಟ್ಟವರಾರು, ಒಂದೇ ಕಂಬಳಿಯೊಳಗೆ ಪಿಸುಗುಟ್ಟಿ ಪಿಸುಗುಟ್ಟಿ, ಅಣ್ಣಾ ಇನ್ನೊಂದ್ಸಲ, ಇನ್ನೊಂದೇ ಸಲ ಅಂತ ಜೀವ ತಿಂದವನು, ಸಾಲಿನ ನಡುವೆ ಉಸಿರು ಹಿಡಿಯುವ ಜಾಗವನ್ನೂ ಇವನಿಂದಲೇ ಕದ್ದವನು, ಅಲ್ಲಿಗೆ ಬಂದಾಗ ಅಮ್ಮ ಕಣ್ಣು ಮುಚ್ಚಿ, ಆಹಾ ನನ್ನ ಕಂದ ಎನ್ನುತ್ತಾಳೆ, ಕಂದನಂತೆ, ತಲೆಯ ಮೇಲೊಂದು ಕೂದಲಿಲ್ಲ — ಫ್ಯಾನು ಗುಂಯ್ ಎಂದಿತು, ಪೆಟ್ಟಿಗೆ ಅದುರಿತು, ಅಂಚಿನ ಮಣಿಯೊಂದು ಮುಂದುಗಡೆಯ ಸಡಿಲ ರೀಸ್ಟಾರ್ಟ್ ಬಟನ್ನಿನ ಮೇಲೆ ಕುಟ್ಟಿತು, ಟಕ್, ಕತ್ತಲು, ದೇವರೇ, ಇಷ್ಟೇನಾ, ಮಣಿ, ನಿನ್ನ ಚಿಕ್ಕ ಸೊಸೆಯ ಮಣಿ ಕಣಮ್ಮ, ನಾಲಿಗೆಯ ತುದಿಗೇ ಬಂತು, ಎಂಥ ರುಚಿ ಆ ಮಾತಿಗೆ, ಆದರೆ ಹೇಳಿದರೆ ಹೊದಿಕೆ ಹೋಗುತ್ತದೆ, ದನಿ ಬರುತ್ತದೆ, ನಾಳೆಯಿಂದ ಮತ್ತೆ ಮನೆ ತುಂಬ ತಮ್ಮನೇ, ಇವನು ಅಂಚು ಸರಿಮಾಡುವವನಂತೆ ಹೊದಿಕೆಯನ್ನು ಕೆಳಗೆಳೆದ, ಮಣಿ ಸರಿಯಾಗಿ ಬಟನ್ನಿನ ಎದುರಿಗೇ ಬಂತು, ಚುಕ್ಕಿಗಳು ಸುತ್ತಿದವು, ತುಟಿ ತೆರೆಯಿತು, ಟಕ್ — ಇದು ಆಗೋ ಹೋಗೋ ಕೆಲಸ ಅಲ್ಲಮ್ಮ, ಪದ್ಯ ತಾನೆ, ನಾನೇ ಹೇಳ್ತೀನಿ, ಅಮ್ಮ ತಿರುಗಿ ನೋಡಿದಳು, ನಿಂಗೂ ಬರುತ್ತೇನೋ, ಹೂಂ, ಹೇಳು ಹಾಗಾದ್ರೆ, ನಿನ್ನ ತಮ್ಮ ಹೇಳೋ ಹಾಗೇ ಹೇಳ್ಬೇಕು ಮತ್ತೆ, ತಮ್ಮ ಹೇಳುವ ಹಾಗೆ, ತಮ್ಮ ಹೇಳುವ ಹಾಗೆ, ಸಾಲು ಬಂತು, ಉಸಿರು ಹಿಡಿಯುವ ಜಾಗ ಬಂತು, ಹಿಡಿದ, ಅಮ್ಮ ಕಣ್ಣು ಮುಚ್ಚಲಿಲ್ಲ, ಮುಖ ಕಪ್ಪು ಪರದೆಯ ಕಡೆಗೇ, ಆ ತುಟಿ, ಅರ್ಧ ತೆರೆದ ಆ ತುಟಿ —