ಕತ್ತೆಯ ಪುಟ

ಹುಲಿಯನ್ನು ಬೋನಿನ ಆಚೆಯಿಂದಲೂ ನೆಟ್ಟಗೆ ನೋಡದ ಮನುಷ್ಯ ಹುಲಿಯ ಬಗ್ಗೆ ಹದಿನಾಲ್ಕು ಪುಟ ಬರೆಯಬಲ್ಲ ಎಂಬುದು ಕಾಂಪೌಂಡರಮ್ಮನಿಗೆ ತಿಳಿದದ್ದು ಈ ಕೆಲಸಕ್ಕೆ ಸೇರಿದ ಮೇಲೆಯೇ. ಹನ್ನೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಔಷಧ ಬೆರೆಸಿ, ಹಸುಗಳ ಬಾಯಿಗೆ ಅದನ್ನು ಸುರಿಯುವ ಬಿದಿರಿನ ಗೊಟ್ಟ ಹಿಡಿದವಳು ಅವಳು. ಆಸ್ಪತ್ರೆ ಮುಚ್ಚಿದ ಮೇಲೆ ಬಂದು ಬಿದ್ದದ್ದು ಟೈರ್ ಅಂಗಡಿಯ ಮೇಲಿನ ಈ ಕೋಣೆಗೆ. ಇಲ್ಲಿ ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಕಥೆಯಾಟವೊಂದರ ಪುಸ್ತಕ ತಯಾರಾಗುತ್ತಿತ್ತು. ಆಡುವವರು ಒಂದೊಂದು ಪ್ರಾಣಿಯ ಮುಖವಾಡ ಕಟ್ಟಿಕೊಂಡು ವೀರರಾಗುತ್ತಾರೆ, ಆ ಪ್ರಾಣಿಯ ಶಕ್ತಿ ಅವರಿಗೆ ಬರುತ್ತದೆ. ಯಾವ ಶಕ್ತಿ, ಎಷ್ಟು ಹೊತ್ತು, ಯಾರ ಮೇಲೆ ಎಂಬುದನ್ನೆಲ್ಲ ಪುಸ್ತಕ ಹೇಳಬೇಕು. ಮೀಸೆ ಬಂದ ಗಂಡಸರು ರಟ್ಟಿನ ಮೂತಿ ಕಟ್ಟಿಕೊಂಡು ಗುರ್ ಎನ್ನುವುದನ್ನು ಕಂಡು ಮೊದಲ ದಿನ ಅವಳಿಗೆ ನಗು ಬಂದಿತ್ತು. ಮೂರು ವರ್ಷವಾದ ಮೇಲೆ ನಗುವೂ ಬರುತ್ತಿರಲಿಲ್ಲ.

ದೊಡ್ಡ ಪ್ರಾಣಿಗಳೆಲ್ಲ ಪುಸ್ತಕ ಹೊರತರುವ ಯಜಮಾನನ ಪಾಲು. ಸಿಂಹಕ್ಕೆ ನ್ಯಾಯಬುದ್ಧಿ ಕೊಟ್ಟ, ಹದ್ದಿಗೆ ಜ್ಞಾನ ಕೊಟ್ಟ, ಹುಲಿಗಂತೂ ಮನೆಯಲ್ಲಿದ್ದದ್ದೆಲ್ಲ ದಾನ ಮಾಡಿಬಿಟ್ಟ. ಸಿಂಹ ದಿನವೆಲ್ಲ ಬಿದ್ದು ನಿದ್ದೆ ಹೊಡೆಯುತ್ತದೆ, ಬೇಟೆ ಹೆಚ್ಚಾಗಿ ಹೆಣ್ಣಿನದು ಎಂದು ಅವಳು ಒಮ್ಮೆ ಬಾಯಿ ಬಿಟ್ಟಿದ್ದಳು. ಗೊಬ್ಬರ ಬಾಚಿದವರಿಗೆ ಕಲ್ಪನೆ ಇರುವುದಿಲ್ಲ ಎಂದು ಅವನು ಎಲ್ಲರೆದುರೇ ಹೇಳಿದ. ಅಂದಿನಿಂದ ಅವಳು ಮನಸ್ಸಿನಲ್ಲೇ ಬೈಯುವುದನ್ನು ರೂಢಿ ಮಾಡಿಕೊಂಡಳು. ಹುಲಿಯ ಪುಟಗಳಲ್ಲಿ ಅವನು ಮಾಡಿದ ದೊಡ್ಡ ತಪ್ಪೊಂದು ಎರಡು ತಿಂಗಳ ಹಿಂದೆಯೇ ಕಣ್ಣಿಗೆ ಬಿದ್ದರೂ, ತಾನೇ ತೋಡಿದ ಗುಂಡಿಗೆ ತಾನೇ ಬೀಳಲಿ ಎಂದು ಸುಮ್ಮನಿದ್ದಳು.

ಪುಸ್ತಕ ದಪ್ಪ ಕಾಣಲಿ ಎಂದು ಅವಳಿಗೆ ಬಿಟ್ಟಿದ್ದು ಆಡು, ಬಾತುಕೋಳಿ, ಹೆಗ್ಗಣ, ಕತ್ತೆ. ಮೊದಲ ಮೂರನ್ನು ಅವಳು ಕಾಟಾಚಾರಕ್ಕೆ ಬರೆದು ಬಿಸಾಕಿದಳು. ಕತ್ತೆಯ ಪುಟವನ್ನು ಮಾತ್ರ ಹಾಗೆ ಬರೆಯಲು ಮನಸ್ಸು ಬರಲಿಲ್ಲ. ಆಸ್ಪತ್ರೆಗೆ ಒಮ್ಮೆ ಬೆನ್ನ ತುಂಬ ಬಾಸುಂಡೆ ಎದ್ದ ಕತ್ತೆಯೊಂದು ಬಂದಿತ್ತು. ಇಟ್ಟಿಗೆ ಹೊತ್ತು ಹೋಗುವಾಗ ಚರಂಡಿಯ ಚಪ್ಪಡಿಯ ಮುಂದೆ ನಿಂತುಬಿಟ್ಟಿತಂತೆ, ಎಷ್ಟು ಹೊಡೆದರೂ ಕಾಲೆತ್ತಲಿಲ್ಲವಂತೆ. ಕೊನೆಗೆ ಹೊಡೆಯುತ್ತಿದ್ದವನೇ ಮುಂದೆ ಹೋಗಿ ಚಪ್ಪಡಿ ಸಮೇತ ಕೆಳಗೆ ಬಿದ್ದ. ಅವಳು ಬರೆದಳು: ಕತ್ತೆಯ ಮುಖವಾಡ ಕಟ್ಟಿದವರನ್ನು ಯಾವ ಭಯವೂ, ಯಾರ ಆಜ್ಞೆಯೂ, ಸ್ವಂತ ಗುಂಪಿನವರ ಆಜ್ಞೆ ಕೂಡ ಕದಲಿಸಲಾರದು, ಮುಂದೆ ಏನಿದೆಯೆಂದು ತಮಗೇ ತಿಳಿಯುವವರೆಗೆ ಅವರು ನಿಂತಲ್ಲಿಂದ ಕಾಲೆತ್ತುವುದಿಲ್ಲ. ಬದುಕಿನಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದು ಅವಳಿಗೆ ಅನ್ನಿಸಿತ್ತು.

ಅಚ್ಚಿಗೆ ಹೋಗುವ ಮುಂಚೆ ಪರೀಕ್ಷೆ. ಆಟವನ್ನು ಹಿಂದೆಂದೂ ನೋಡದ ನಾಲ್ಕು ಜನರ ಕೈಗೆ ಪುಸ್ತಕ ಕೊಟ್ಟು ಆಡಿಸುವುದು, ಬರೆದವರು ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ಕೂರುವುದು ಇಲ್ಲಿಯ ಕ್ರಮ. ಸಣ್ಣ ಪ್ರಾಣಿಗಳಲ್ಲಿ ಯಾರೂ ಆರಿಸಿಕೊಳ್ಳದ ಮುಖವಾಡದ ಪುಟ ಪುಸ್ತಕದಿಂದ ಹೊರಕ್ಕೆ. ಯಾರಾದರೂ ಕತ್ತೆಯನ್ನು ಮುಟ್ಟಲಿ ಎಂದು ಬೆಳಗಿನಿಂದ ಅವಳು ಹಾರೈಸುತ್ತಿದ್ದಳು.

ಆಡಲು ಬಂದವರಲ್ಲಿ ಬಸ್ ಕಂಡಕ್ಟರ್ ಹುಲಿಗೆ ಕೈ ಹಾಕಿದ. ಕ್ಷೌರದಂಗಡಿಯವನು ಸಿಂಹ, ಔಷಧದಂಗಡಿಯವನು ಹದ್ದು. ನಾಲ್ಕನೆಯವನು ಕೈಕೊಟ್ಟದ್ದರಿಂದ ಯಜಮಾನ ಮನೆಯಿಂದ ಹೆಂಡತಿಯನ್ನೇ ಕರೆಸಿದ್ದ. ಕೂರು ಅಂದರೆ ಕೂರುವ, ಏಳು ಅಂದರೆ ಏಳುವ ಹೆಂಗಸು. ಕಾಂಪೌಂಡರಮ್ಮನಿಗೆ ಆಕೆಯನ್ನು ಕಂಡರೆ ತಾತ್ಸಾರ. ಆಕೆ ತೋಳವನ್ನು ಬಿಟ್ಟಳು, ಬಾತುಕೋಳಿಯನ್ನೂ ಬಿಟ್ಟಳು, ಕೊನೆಗೆ ಕತ್ತೆಯನ್ನು ಎತ್ತಿ ಕಿವಿಗೆ ದಾರ ಸಿಕ್ಕಿಸಿಕೊಂಡಳು. ಕಂಡಕ್ಟರ್ ಕಿಸಕ್ಕನೆ ನಕ್ಕ.

ಮುಖವಾಡಗಳಿಗೆ ಬಣ್ಣ ಹಚ್ಚುವವನೇ ಕಥೆ ನಡೆಸಿದ. ಊರಿನವರೆಲ್ಲ ಸೇತುವೆ ದಾಟುವವರೆಗೆ ನಾಲ್ವರು ವೀರರು ದರೋಡೆಕೋರರನ್ನು ತಡೆಯಬೇಕು. ಕಂಡಕ್ಟರ್ ತಡಮಾಡಲಿಲ್ಲ, ಹುಲಿಯ ಗರ್ಜನೆ ಎಂದು ದಾಳ ಎಸೆದ. ಬಣ್ಣದವನು ಪುಸ್ತಕ ತೆರೆದು ಓದಿದ: ಗರ್ಜನೆ ಕೇಳಿದವರೆಲ್ಲರೂ ದಿಕ್ಕಾಪಾಲಾಗಿ ಓಡಬೇಕು. ಕೇಳಿದ ವೈರಿಗಳು ಮಾತ್ರ ಎಂದು ಹೇಳುವುದನ್ನು ಯಜಮಾನ ಮರೆತಿದ್ದ. ಅವನ ತಲೆಯಲ್ಲಿ ಹುಲಿಯ ಪಕ್ಕದಲ್ಲಿ ಇನ್ನೊಬ್ಬರು ಇರುವುದೇ ಇಲ್ಲವಲ್ಲ. ದರೋಡೆಕೋರರು ಓಡಿದರು, ಸಿಂಹ ಓಡಿತು, ಹದ್ದು ಹಾರಿತು, ಊರಿನವರು ಬಂದ ದಾರಿಗೇ ತಿರುಗಿದರು. ಹುಲಿ ಗಾಬರಿಯಿಂದ ಅವರನ್ನು ಕರೆತರಲು ಹಿಂದೆ ಓಡಿತು. ಯಜಮಾನ ತನ್ನ ಕ್ರಮವನ್ನು ತಾನೇ ಮುರಿದು, ಹಾಗಲ್ಲ ಹಾಗಲ್ಲ ಎಂದು ಎದ್ದು ನಿಂತ. ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿದ್ದನ್ನು ಕಾಂಪೌಂಡರಮ್ಮ ಕಣ್ತುಂಬ ನೋಡಿದಳು.

ಸೇತುವೆಯ ಬಳಿ ಉಳಿದದ್ದು ಕತ್ತೆಯೊಂದೇ. ನೀನೂ ಓಡಬೇಕು, ಕಾಯಿ ಹಿಂದಕ್ಕೆ ತಳ್ಳು ಎಂದು ಯಜಮಾನ ಹೆಂಡತಿಗೆ ಹೇಳಿದ. ಆಕೆ ಕತ್ತೆಯ ಪುಟದ ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿಕೊಂಡಳು.

"ನಾನು ಓಡಲ್ಲ."

"ನಾನು ಹೇಳ್ತಿದೀನಲ್ಲ."

"ಯಾರು ಹೇಳಿದ್ರೂ ಕದಲಬೇಕಾಗಿಲ್ಲ ಅಂತ ಇಲ್ಲಿ ಬರ್ದಿದೆ."

ರಟ್ಟಿನ ಕತ್ತೆಮುಖದ ಹಿಂದಿನಿಂದ ಬಂದ ಆ ದನಿ ನಡುಗಲಿಲ್ಲ. ಎರಡನೆಯ ಸುತ್ತಿನಲ್ಲಿ ದರೋಡೆಕೋರರು ತಿರುಗಿ ಬಂದರು. ಅವರು ಬರುವ ಓಣಿ ಕಿರಿದು, ಅದರ ಬಾಯಲ್ಲಿ ನಿಂತ ಕತ್ತೆ ಜಗ್ಗಲಿಲ್ಲ. ಕತ್ತೆಯ ಬೆನ್ನ ಹಿಂದೆಯೇ, ಹುಲಿ ಕರೆತಂದ ಊರಿನವರು ಒಬ್ಬೊಬ್ಬರಾಗಿ ಸೇತುವೆ ದಾಟಿದರು. ಕ್ಷೌರದಂಗಡಿಯವನು ಮೇಜು ಕುಟ್ಟಿ ಭಲೇ ಎಂದ. ಕಾಂಪೌಂಡರಮ್ಮನಿಗೆ ಕಣ್ಣು ಮಂಜಾಯಿತು. ಅಷ್ಟು ಸಂತೋಷ ಅವಳಿಗೆ ಆಗಿ ಎಷ್ಟೋ ವರ್ಷವಾಗಿತ್ತು.

ಯಜಮಾನ ಪುಟವನ್ನು ಎತ್ತಿ ಓದಿದ, ಗಲ್ಲ ಕೆರೆದುಕೊಂಡ.

"ಶಕ್ತಿ ಚೆನ್ನಾಗಿದೆ. ಕತ್ತೆಗೆ ಕೊಟ್ಟು ಯಾಕೆ ದಂಡ ಮಾಡೋದು? ಹೆಸರು ಹೊಡೆದು ಹುಲಿ ಅಂತ ಬರಿ. ಗರ್ಜನೆ ತೆಗೆದುಹಾಕು."

ಪೆನ್ನು ಕಾಂಪೌಂಡರಮ್ಮನ ಕೈಯಲ್ಲಿತ್ತು. ಮೂರು ವರ್ಷದಿಂದ ಮನಸ್ಸಿನಲ್ಲಿ ಮಸೆದಿಟ್ಟ ಮಾತುಗಳು ಒಂದೆರಡಲ್ಲ. ಆಗುವುದಿಲ್ಲ ಎಂಬ ಒಂದು ಮಾತು ಸಾಕಿತ್ತು. ಅವನು ಹೂಂ, ಬೇಗ ಎಂದ. ಅವಳ ಕೈ ತಾನಾಗಿಯೇ ಎದ್ದು ಕತ್ತೆ ಎಂಬುದರ ಮೇಲೆ ಗೆರೆ ಎಳೆಯಿತು, ಮೇಲೆ ಹುಲಿ ಎಂದು ದುಂಡಗೆ ಬರೆಯಿತು. ಗೆರೆ ಸೊಟ್ಟಗಾಗದಂತೆ ಸ್ಕೇಲ್ ಕೂಡ ಇಟ್ಟಿದ್ದಳು.

ಯಜಮಾನ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಹೆಂಡತಿಯನ್ನು ಕರೆದ. ಬರ್ತೀನಿ ಇರಿ ಎಂದು ಆಕೆ ತಿರುಗಿಯೂ ನೋಡದೆ ಹೇಳಿದಳು. ಮುಖವಾಡ ಬಿಚ್ಚಿ ಮೇಜಿನ ಮೇಲಿಟ್ಟು ಕಾಂಪೌಂಡರಮ್ಮನ ಹತ್ತಿರ ಬಂದಳು.

"ಇದನ್ನ ಬರ್ದಿದ್ದು ನೀವೇನಾ?"

ಯಜಮಾನ ಕೇಳಿಸಿಕೊಳ್ಳುತ್ತಿದ್ದ.

"ಅಲ್ಲ," ಎಂದಳು ಕಾಂಪೌಂಡರಮ್ಮ. "ಸಾಹೇಬ್ರೇ ಬರ್ದಿದ್ದು."

ಆಕೆ ಸ್ಕೇಲನ್ನು ನೋಡಿದಳು, ಆಮೇಲೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟದ ಪರಿಚಯ ಕಾಂಪೌಂಡರಮ್ಮನಿಗೆ ಚೆನ್ನಾಗಿಯೇ ಇತ್ತು. ಈ ಕೋಣೆಯಲ್ಲಿ ಎಲ್ಲರನ್ನೂ ತಾನು ನೋಡುತ್ತ ಬಂದದ್ದು ಹಾಗೆಯೇ.