ಗಿಳಿ ಮುಟ್ಟಿದ ಎಡೆ

ಅತ್ತೆಯ ಲೆಕ್ಕದಲ್ಲಿ ನನ್ನ ಗಂಡ ಈಗ ಗಿಳಿಯಾಗಿದ್ದಾರೆ. ನಗಬೇಡಿ. ಮೊದಲು ನಾನೂ ನಕ್ಕವಳೇ.

ಅವರ ಹೆಸರು ಸಿದ್ರಾಮ. ಪೀಣ್ಯದ ಕಾರ್ಖಾನೆಯೊಂದರ ತಗಡಿನ ಚಾವಣಿ ರಿಪೇರಿ ಮಾಡುವಾಗ ಜಾರಿ ಬಿದ್ದು ತೀರಿಕೊಂಡರು. ದಿವಸದ ಕಾರ್ಯದಂದು ಅತ್ತೆ ಮರೆವ್ವ ಅನ್ನ, ಹೋಳಿಗೆ, ಮಗನಿಗೆ ಪ್ರಾಣವಾಗಿದ್ದ ಮೆಣಸಿನಕಾಯಿ ಭಜಿ ಎಲ್ಲ ಬಡಿಸಿ, ಬಾಡಿಗೆ ಮನೆಯ ತಾರಸಿ ಮೇಲೆ ಎಡೆ ಇಟ್ಟರು. ಕಾಗೆ ಮುಟ್ಟಿದರೆ ಸತ್ತವರು ತೃಪ್ತಿಯಿಂದ ಹೋದರು ಎಂದರ್ಥ. ಮಧ್ಯಾಹ್ನ ಕಳೆದರೂ ಒಂದೇ ಒಂದು ಕಾಗೆ ಇತ್ತ ಸುಳಿಯಲಿಲ್ಲ. ಕೊನೆಗೆ ಎಡೆಯನ್ನು ಕೆಳಗೆ ತಂದಿಟ್ಟು ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ, ಅವರ ಮಗನೇ ಸಾಕಿದ್ದ ಗಿಳಿ ಬಾಗಿಲು ಹಾಕಲು ಮರೆತಿದ್ದ ಪಂಜರದಿಂದಿಳಿದು ಬಂದು ಭಜಿಗೆ ಬಾಯಿ ಹಾಕಿತು. ಮೆಣಸಿನಕಾಯಿ ಸಿಕ್ಕರೆ ಗಿಳಿ ಬಿಡುತ್ತದೆಯೇ? ಅತ್ತೆ ಮಾತ್ರ ನೆಲಕ್ಕೆ ಅಡ್ಡಬಿದ್ದರು.

“ಬಂದ್ಯಾ ನನ್ನಪ್ಪಾ!”

ಅಂದಿನಿಂದ ಪಂಜರದ ಬಾಗಿಲು ಹಾಕುವಂತಿಲ್ಲ. ಮಗನನ್ನು ಯಾರಾದರೂ ಕೂಡಿಹಾಕುತ್ತಾರೆಯೇ? ಗಿಳಿ ಕಿಟಕಿಯ ಸರಳಿನ ಮೇಲೆ ಕೂತು ಮೆಟ್ರೊ ನೋಡುತ್ತಿತ್ತು. ಅವರಿದ್ದಾಗ ಕತ್ತರಿಸಿದ್ದ ಪುಕ್ಕಗಳು ಮತ್ತೆ ಉದ್ದ ಬೆಳೆದಿದ್ದವು. ಆಗಾಗ ರೆಕ್ಕೆ ಬಡಿದು ಒಂದು ಗೇಣು ಮೇಲೇಳುತ್ತಿತ್ತು.

ನನಗೆ ಹೆದರಿಕೆ ಶುರುವಾಯಿತು. ಅದು ನನ್ನ ಗಂಡನಲ್ಲ, ಅಷ್ಟು ಬುದ್ಧಿ ನನಗಿದೆ. ಆದರೆ ಮನೆಯಲ್ಲಿ ಯಾರೇ ಚಪ್ಪಲಿ ಮೆಟ್ಟಿದರೂ ಅದು, “ದಾನೀ, ಬಾಗ್ಲಾ ಹಾಕ್ಕೋ” ಅನ್ನುತ್ತಿತ್ತು. ಕೆಲಸಕ್ಕೆ ಹೊರಡುವಾಗ ಅವರು ನನಗೆ, ಅವರ ದಾನಿಗೆ, ಹೇಳುತ್ತಿದ್ದ ಮಾತು, ಅವರದೇ ದನಿ. ಅತ್ತೆ ಇಲ್ಲದಾಗ ನಾನು ಸುಮ್ಮಸುಮ್ಮನೆ ಚಪ್ಪಲಿ ಮೆಟ್ಟಿ, ಬಿಟ್ಟು, ಮತ್ತೆ ಮೆಟ್ಟುತ್ತಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡಹೋದರೆ ಹಟಮಾರಿ ಹಕ್ಕಿ ಬಾಯಿ ಬಿಡುತ್ತಿರಲಿಲ್ಲ. ಅದು ಹಾರಿಹೋದರೆ ಆ ದನಿಯೂ ಹೋದಂತೆಯೇ.

“ಪುಕ್ಕ ಕತ್ತರಸ್ತೀನ್ರಿ ಅತ್ತಿ,” ಅಂದೆ ಒಂದು ದಿನ.

“ಕತ್ತರಿ ಮುಟ್ಟಿದ್ರ ನೋಡು! ನನ್ನ ಮಗನ ಕೈ ಕಡದಂಗ ಆಗತೈತಿ. ಬಂದವ ತಾನಾಗೇ ಹೋಗ್ಲಿ.”

“ಹೋಗ್ಲಿ ಅಂತೀರಲ್ರಿ! ನಿಮಗ ಹೆಂಗರ ಬಾಯಿ ಬರತೈತಿ?”

ಅತ್ತೆ ಮುಖ ತಿರುಗಿಸಿ ಅಕ್ಕಿ ಆರಿಸತೊಡಗಿದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು.

ಭಾನುವಾರ ಅತ್ತೆ ಸಂತೆಗೆ ಹೋದರು. ಗಿಳಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ದಾರ ಕತ್ತರಿಸುವ ಕೈ ನನ್ನದು. ಗಂಡ ಮಾಡುತ್ತಿದ್ದುದನ್ನು ನೋಡಿ ಇದೂ ಗೊತ್ತಿತ್ತು: ಹೊರಗಿನ ಉದ್ದ ಪುಕ್ಕ ಮಾತ್ರ, ಉಗುರು ತೆಗೆದಂತೆ. ಬೆರಳು ಕಚ್ಚಿತು, ನಾನು ಬಿಡಲಿಲ್ಲ. ಒಂದು ರೆಕ್ಕೆ ಮುಗಿಯಿತು. ಇನ್ನೊಂದನ್ನು ಬಿಡಿಸುವಷ್ಟರಲ್ಲಿ ಅದು ಮಾತಾಡಿತು.

“ಹೋಗಬ್ಯಾಡ್ರೀ… ನನ್ನ ಬಿಟ್ಟು ಹೋಗಬ್ಯಾಡ್ರೀ…”

ಅವರ ದನಿಯಲ್ಲ. ಹೆಂಗಸಿನ ದನಿ, ಅತ್ತು ಅತ್ತು ಕಟ್ಟಿದ್ದು. ನನ್ನದು. ಆ ಮಾತನ್ನು ನಾನು ಯಾರ ಮುಂದೆಯೂ ಆಡಿದವಳಲ್ಲ.

“ದಿನಾ ನಿದ್ದಿಯೊಳಗ ಅಂತಿ.”

ಅತ್ತೆ ಸೊಪ್ಪಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಹಿಂಗ ಬೇಡಿಕೊಂಡ್ರ ಅವ ಹೆಂಗ ಹೋಗ್ಬೇಕವ್ವಾ?”

ನೆಲದ ಮೇಲೆಲ್ಲ ಹಸಿರು ಪುಕ್ಕ. ಈಗ ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ತಲೆ ತಗ್ಗಿಸಿದೆ. ಹೊಡೆದಿದ್ದರೆ ಕತ್ತರಿ ಕೆಳಗಿಡುತ್ತಿದ್ದೆನೋ ಏನೋ.

ಅತ್ತೆ ಚೀಲ ಇಟ್ಟು ಬಂದು ನನ್ನೆದುರಿಗೆ ಕೂತರು. ಉಳಿದ ರೆಕ್ಕೆಯನ್ನು ಎರಡೂ ಕೈಯಿಂದ ಮೆಲ್ಲಗೆ ಬಿಡಿಸಿ, ಬೆಳಕಿಗೆ ಹಿಡಿದುಕೊಟ್ಟರು.

“ಸಾವಕಾಶ ಕತ್ತರಸು,” ಅಂದರು. “ಅವಂಗ ನೋವಾಗಬಾರ್ದು.”