ಬೆಬ್ದಿ

"ಏ ಬೆಬ್ದಿ! ನೀನ ಕುಡೀತಿಯೋ, ಬಾಯಾಗ ಹೊಯ್ಯಲೋ?"

ಮುಕಾದಮ ರೂಪಲಪ್ಪ ಸ್ಟೀಲಿನ ಲೋಟವನ್ನು ಸತ್ಯವ್ವನ ಮೂಗಿನ ತನಕ ತಂದು ಹಿಡಿದ. ಗೇರುಹಣ್ಣಿನ ಸೆರೆ ಉರಾಕಿನ ಹುಳಿ ವಾಸನೆಗೆ ಆಕೆಯ ಬಾಯಲ್ಲಿ ನೀರೂರಿತು. ಊರಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮಂಗೋರ್ ಹಿಲ್‌ನ ಆ ಕಟ್ಟಡಕ್ಕೆ ಇವತ್ತು ಸ್ಲ್ಯಾಬ್. ಸ್ಲ್ಯಾಬಿನ ದಿನ ಕೆಲಸ ನಡುವೆ ನಿಲ್ಲುವಂತಿಲ್ಲ. ಹಸಿ ಕಾಂಕ್ರೀಟು ಅರ್ಧಕ್ಕೇ ಬಿಗಿದರೆ ಜೋಡು ಕೂಡುವುದಿಲ್ಲ. ಅದಕ್ಕೇ ಗುತ್ತಿಗೆದಾರ ಬೆಳಗಿಗೇ ಉರಾಕಿನ ಕ್ಯಾನು ಕಳಿಸುತ್ತಾನೆ. ಕುಡಿದ ಹೆಂಗಸರಿಗೆ ಸೊಂಟ ನೋಯುವುದಿಲ್ಲ, ಹಸಿವಾಗುವುದಿಲ್ಲ, ಅವರು ಉಚ್ಚೆಗೆ ಹೋಗಬೇಕೆಂದು ಕೇಳುವುದಿಲ್ಲ. ಸತ್ಯವ್ವ ಕುಡಿಯಲು ಕಲಿತದ್ದೂ ಇಂಥದೇ ಒಂದು ದಿನ, ಇದೇ ರೂಪಲಪ್ಪನ ಕೈಯಿಂದ.

"ಬಿಟ್ಟೀನ್ರಿ, ಅಣ್ಣಾ."

"ಬಿಟ್ಟಾಳಂತ! ಹಗಲ ಗುಳಿಗಿ, ಸಂಜಿಕ ಎಲ್ಲವ್ವನ ಭಂಡಾರ, ಐತ್ವಾರ ಪಾದ್ರಿ ಮನಿ. ಯಾವ ದೇವ್ರಿಗೆ ಹುಟ್ಟಿದಾಕಿಲೇ ನೀ?"

ಬುಟ್ಟಿ ದಾಟಿಸಲು ಏಣಿಯ ಹಲಗೆಗಳ ಮೇಲೆ ಸಾಲಾಗಿ ನಿಂತಿದ್ದ ಹೆಂಗಸರು ಅವನಿಗೆ ಹೆದರಿ ನಕ್ಕರು.

ಆ ಮಾತು ಹೊಸದಲ್ಲ. ಸರಕಾರಿ ದವಾಖಾನೆಯ ಡಾಕ್ಟರು ಆಕೆಯ ಕೊರಳಲ್ಲಿದ್ದ ಎಲ್ಲವ್ವನ ದಾರವನ್ನು ಪೆನ್ನಿನ ತುದಿಯಿಂದ ಎತ್ತಿ, ಈ ಹೊಲಸು ಬಿಚ್ಚು, ಕುಡಿತ ಬಿಡಲು ಗುಳಿಗೆಯೊಂದೇ ಸಾಕು ಎಂದಿದ್ದರು. ದಾರ ಕಟ್ಟಿದ ಪೂಜಾರಿ, ಇಗರ್ಜಿಯ ಮೆಟ್ಟಿಲು ತುಳಿದವಳು ಗುಡಿಯ ಹೊರಗೆ ನಿಲ್ಲಬೇಕೆಂದಿದ್ದ. ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕುಡಿತ ಬಿಡುವವರು ಕೂಡುತ್ತಿದ್ದರು. ಅಲ್ಲಿಯೂ ಒಬ್ಬ, ಗುಳಿಗೆ ನುಂಗಿ ಬಿಟ್ಟರೆ ಬಿಟ್ಟಂತಲ್ಲ ಎಂದಿದ್ದ.

ಅಲ್ಲಿ ಎಲ್ಲರೂ ಗಂಡಸರು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ನಾನು ಕುಡುಕ ಎಂದು ಕೊಂಕಣಿಯಲ್ಲಿ ಒಪ್ಪಿಕೊಳ್ಳುತ್ತಿದ್ದರು. ಆಕೆಯೂ ಎದ್ದು ಕೇಳಿದ್ದನ್ನೇ ಒಪ್ಪಿಸಿದಳು: "ಹಾಂವ್ ಸತ್ಯವ್ವ. ಹಾಂವ್ ಬೆಬ್ದೊ." ಕೋಣೆಗೆ ಕೋಣೆಯೇ ನಕ್ಕಿತು. ಗಂಡಸಾದರೆ ಬೆಬ್ದೊ, ಹೆಂಗಸಾದರೆ ಬೆಬ್ದಿ ಎಂದು ಮುದುಕನೊಬ್ಬ ತಿದ್ದಿದ. ಬೆಬ್ದಿ ಆಕೆಗೆ ಗೊತ್ತಿದ್ದ ಮಾತೇ. ಸೈಟಿನಲ್ಲಿ ಆಕೆಯನ್ನು ಕೂಗುತ್ತಿದ್ದುದೇ ಹಾಗೆ. ಅದನ್ನು ತಾನೇ ಹೇಳಿಕೊಳ್ಳಬಹುದೆಂದು ಮಾತ್ರ ಗೊತ್ತಿರಲಿಲ್ಲ.

ಗುಳಿಗೆ, ಭಂಡಾರ, ಇಗರ್ಜಿ, ಮೂರರಲ್ಲಿ ಯಾವುದನ್ನೂ ಆಕೆ ಬಿಡಲಿಲ್ಲ. "ಒಂದ ಬಲ್ಲಿ ಕಂಬಾ ಊರಿದ್ರ ಸ್ಲ್ಯಾಬ್ ನಿಲ್ತೈತೇನ?" ಎಂದು ಗೆಳತಿ ಭೀಮಿಬಾಯಿಗೆ ಕೇಳಿದ್ದಳು. ಮಗಳು ಶೈಲಾ ದಿನಾ ಸಂಜೆ ತಾಯಿಯ ಬಾಯಿ ಮೂಸಿ ನೋಡಿ ಆಮೇಲೆ ಹತ್ತಿರ ಬರುತ್ತಿದ್ದಳು. ಈಗೀಗ ಮೂಸುವುದನ್ನು ಮರೆಯತೊಡಗಿದ್ದಳು. ಸತ್ಯವ್ವನಿಗೆ ಬೇಕಾದದ್ದು ಆ ಮರೆವು.

"ನೀ ಶ್ಯಾಣ್ಯಾಕಿ ಆದ್ರ ನಾಳಿ ಇವ್ರೆಲ್ಲಾರೂ ಶ್ಯಾಣ್ಯಾರು ಆಕ್ಕಾರ," ರೂಪಲಪ್ಪ ಹಲ್ಲು ಕಡಿದ. "ಕುಡಿ. ಇಲ್ಲಾಂದ್ರ ಇಳಿದು ನಡಿ, ರಂಡೆ. ಈ ಗುಡ್ಡದಾಗ ಯಾವ ಸೈಟಿನ್ಯಾಗೂ ನಿನಗ ಬುಟ್ಟಿ ಸಿಗಂಗಿಲ್ಲ."

ಸತ್ಯವ್ವ ಕೈಯಲ್ಲಿದ್ದ ಕಾಂಕ್ರೀಟಿನ ಬುಟ್ಟಿಯನ್ನು ಹಲಗೆಯ ಮೇಲಿಟ್ಟಳು. ಕೆಳಗಿನಿಂದ ಬಂದ ಬುಟ್ಟಿ ಸಾಲಿನಲ್ಲಿ ಆಕೆಯ ಕೆಳಗಿದ್ದ ಭೀಮಿಬಾಯಿಯ ಕೈಯಲ್ಲೇ ಉಳಿಯಿತು. ಸತ್ಯವ್ವ ಸೆರಗಿನ ಗಂಟು ಬಿಚ್ಚಿದಳು. ಭಂಡಾರ ಮೆತ್ತಿ ಹಳದಿಯಾಗಿದ್ದ ಗುಳಿಗೆಯನ್ನು ಎಲ್ಲರಿಗೂ ಕಾಣುವಂತೆ ನಾಲಿಗೆಯ ಮೇಲಿಟ್ಟು, ನೀರಿಲ್ಲದೆ ನುಂಗಿದಳು.

"ಡಾಕ್ಟರ್ ಹೇಳ್ಯಾರ್ರಿ, ಇದರ ಮ್ಯಾಲ ಸೆರಿ ಬಿದ್ರ ಎದಿ ನಿಂತರೂ ನಿಂತೀತು ಅಂತ."

ರೂಪಲಪ್ಪ ಕಣ್ಣು ಪಿಳುಕಿಸಿದ.

"ಹಾಂವ್ ಸತ್ಯವ್ವ," ಆಕೆ ಕೆಳಗಿನ ಮಿಕ್ಸರಿನ ತನಕ ಕೇಳುವಂತೆ ಕೂಗಿದಳು. "ಹಾಂವ್ ಬೆಬ್ದಿ. ಈಗ ಹೊಯ್ರಿ, ಅಣ್ಣಾ. ನಿಮ್ಮ ಕೈಲೇ ಹೊಯ್ರಿ. ಎಲ್ಲಾರೂ ನೋಡಾಕತ್ತಾರ."

ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದಳು.

ರೂಪಲಪ್ಪ ಲೋಟವನ್ನು ಹಿಂದಕ್ಕೆಳೆದ; ಉರಾಕು ತುಳುಕಿ ಅವನ ಮಣಿಕಟ್ಟಿನ ಮೇಲೆ ಹರಿಯಿತು. ಸೊಂಟದಲ್ಲಿದ್ದ ಮೊಬೈಲು ಹೊಡೆದುಕೊಳ್ಳತೊಡಗಿತು. ಗುತ್ತಿಗೆದಾರನೇ ಇರಬೇಕು.

"ಬುಟ್ಟಿ ದಾಟಸ್ರೇ, ಹಾದರಗಿತ್ಯಾರಾ!"

ಭೀಮಿಬಾಯಿ ಬುಟ್ಟಿಯನ್ನು ಕೆಳಗಿಟ್ಟಳು. ಆಕೆಯ ಕೆಳಗಿನವಳೂ ಇಟ್ಟಳು. ಮಿಕ್ಸರು ಸುಮ್ಮನೆ ತಿರುಗುತ್ತಿತ್ತು. ಮೇಲೆ, ಅರ್ಧಕ್ಕೆ ನಿಂತ ಕಾಂಕ್ರೀಟಿನ ಅಂಚು ಬಿಸಿಲಿಗೆ ಬೆಳ್ಳಗಾಗತೊಡಗಿತು.

ಸತ್ಯವ್ವ ಬಾಯಿ ಮುಚ್ಚಲಿಲ್ಲ.